ಶಂಟಿಂಗ್‌ಗೆ ಚಿಕ್ಕ ಇಂಜಿನ್ನೇ ಸರಿ

ನಮಸ್ಕಾರ. ಮೈಸೂರು ಸ್ಟೇಷನ್ನಿಗೆ ಹೋದವರೆಲ್ಲ ಬೆಂಗಳೂರಿಗೆ ಹೊರಟ ರೈಲು ನೋಡ್ತಾರೆ. ಯಾರ್ಡಲ್ಲಿ ಬೋಗಿಗಳನ್ನ ಎಳೆದು ಜೋಡಿಸೋ, ಅಂದ್ರೆ ಶಂಟಿಂಗ್ ಮಾಡೋ ಇಂಜಿನ್ ಕಡೆ ಯಾರೂ ತಿರುಗಿ ನೋಡಲ್ಲ. ಇವತ್ತಿನ ಮಾತು ಅದರದ್ದೇ.

3100 ಅಶ್ವಶಕ್ತಿಯ ಮೇನ್‌ಲೈನ್ ಇಂಜಿನ್ ತಂದು ನಾಲ್ಕು ಬೋಗಿ ತಳ್ಳೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಸುಮ್ಮನೆ ನಿಂತಾಗಲೂ ಅದು ಡೀಸೆಲ್ ಕುಡೀತಾನೇ ಇರುತ್ತೆ. ಈ ಕೆಲಸಕ್ಕೆ ಪಶ್ಚಿಮ ಬಂಗಾಳದ ಚಿತ್ತರಂಜನ್ ರೈಲು ಇಂಜಿನ್ ಕಾರ್ಖಾನೆಯ ಡಬ್ಲ್ಯುಡಿಎಸ್-4 ಥರದ, 700 ಅಶ್ವಶಕ್ತಿಯ ಆಸುಪಾಸಿನ ಡೀಸೆಲ್ ಹೈಡ್ರಾಲಿಕ್ ಇಂಜಿನ್ ಸಾಕು. ಸಾಕು ಅನ್ನೋದಕ್ಕಿಂತ, ಅದೇ ಸರಿ ಅಂತೀನಿ.

ಅದರ ಒಳಗೆ ಡೀಸೆಲ್ ಇಂಜಿನ್ ಒಂದು ಚಕ್ರ ತಿರುಗಿಸುತ್ತೆ. ಆ ಚಕ್ರ ಎಣ್ಣೆಯನ್ನ ರಭಸವಾಗಿ ಎದುರಿನ ಚಕ್ರದ ಅಲಗುಗಳಿಗೆ ನುಗ್ಗಿಸುತ್ತೆ, ಅದೂ ತಿರುಗಿ ರೈಲಿನ ಗಾಲಿಗಳಿಗೆ ಶಕ್ತಿ ತಲುಪಿಸುತ್ತೆ. ಎರಡೂ ಒಂದಕ್ಕೊಂದು ತಾಗಲ್ಲ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಹಡಗಿಗೋಸ್ಕರ ಪೇಟೆಂಟ್ ಪಡೆದ ಉಪಾಯ ಇದು. ನಮ್ಮ ದೇಶದ ಇಂಜಿನಿಯರ್ ಮನಮೋಹನ್ ಸೂರಿ ಇದನ್ನ ರೈಲಿಗೆ ಒಗ್ಗಿಸಿದ ರೀತಿ ನೋಡಿ: ಹೊರಡುವಾಗ ಎಣ್ಣೆಯ ಮೂಲಕ, ವೇಗ ಹಿಡಿದ ಮೇಲೆ ನೇರವಾಗಿ. ಎಂಥ ತಲೆ ಅದು! ಶಕ್ತಿಯನ್ನ ಗಾಲಿಗೆ ದಾಟಿಸೋ ಈ ವ್ಯವಸ್ಥೆಗೆ ಸೂರಿ ಟ್ರಾನ್ಸ್‌ಮಿಷನ್ ಅಂತ ಅವರ ಹೆಸರೇ ಉಳಿದಿದೆ.

ಶಂಟಿಂಗ್ ಅಂದ್ರೆ ಭಾರ ಜಾಸ್ತಿ, ವೇಗ ಇಲ್ಲವೇ ಇಲ್ಲ. ಪಾಯಿಂಟ್ಸ್‌ಮನ್ ಬಾವುಟ ಆಡಿಸ್ತಾ ಇರ್ತಾರೆ, ಇಂಜಿನ್ ಅಂಗುಲ ಅಂಗುಲವಾಗಿ ಹಿಂದೆ ಬಂದು ಟಕ್ ಅಂತ ಬೋಗಿಗೆ ತಾಗುತ್ತೆ. ಹೀಗೆ ತೆವಳುವಾಗ, ಡೀಸೆಲ್‌ನಿಂದ ಕರೆಂಟ್ ಮಾಡಿ ಓಡೋ ಇಂಜಿನ್‌ಗಳಲ್ಲಿ ಗಾಲಿ ತಿರುಗಿಸೋ ಡಿಸಿ ಟ್ರಾಕ್ಷನ್ ಮೋಟರು ಬಿಸಿಯೇರಿ ಸುಡೋ ಭಯ ಇರುತ್ತೆ. ಹೈಡ್ರಾಲಿಕ್‌ನಲ್ಲಿ ಆ ಬಿಸಿ ಎಣ್ಣೆಗೆ ಹೋಗುತ್ತೆ, ಎಣ್ಣೆಯನ್ನ ಕೂಲರ್ ತಣ್ಣಗೆ ಮಾಡುತ್ತೆ. ಡಬ್ಲ್ಯುಡಿಎಸ್-4ರ ಮೂರೂ ಗಾಲಿ ಜೋಡಿಗಳು ಉಗಿಬಂಡಿಯಲ್ಲಿ ಇದ್ದ ಹಾಗೆ ಪಕ್ಕದ ಕಬ್ಬಿಣದ ರಾಡಿನಿಂದ ಸೇರಿಕೊಂಡಿವೆ. ಹಾಗಾಗಿ ಮಳೆಯಲ್ಲಿ ಒಂದು ಜೋಡಿ ಮಾತ್ರ ಜಾರಿ ಗಿರಗಿರ ಸುತ್ತೋ ಪ್ರಶ್ನೆಯೇ ಇಲ್ಲ.

ಬೆಂಗಳೂರು–ಮೈಸೂರು ಮಾರ್ಗಕ್ಕೆ ಕರೆಂಟ್ ಬಂದಾಯ್ತಲ್ಲ, ಡೀಸೆಲ್ ಯಾಕೆ ಅಂತೀರಾ? ಗೂಡ್ಸ್ ಬೋಗಿಗೆ ಮೇಲಿಂದ ಸರಕು ತುಂಬೋ, ಇಳಿಸೋ ಜಾಗದಲ್ಲಿ ತಲೆ ಮೇಲೆ ಹೈಟೆನ್ಷನ್ ತಂತಿ ಎಳೆಯೋಕೆ ಆಗಲ್ಲ.

ದೂರದ ಓಟಕ್ಕೆ ಈ ಇಂಜಿನ್ ಬೇಡ, ಒಪ್ತೀನಿ. ಎಣ್ಣೆಯಲ್ಲಿ ಒಂದಿಷ್ಟು ಶಕ್ತಿ ಪೋಲಾಗುತ್ತೆ. ಎಣ್ಣೆ ಸೋರಿದ್ರೆ, ಕೊಳೆಯಾದ್ರೆ ಇಂಜಿನ್ ನಿಂತೇ ಹೋಗುತ್ತೆ, ಅದರ ನಾಡಿ ಬಲ್ಲ ಮೆಕ್ಯಾನಿಕ್ ಇರಲೇಬೇಕು. ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಂಥ ಕಡೆ ಕಲಿಯೋಕೆ ಬರೋ ಐಟಿಐ ಹುಡುಗರಿಗೆ ಈ ಟ್ರಾನ್ಸ್‌ಮಿಷನ್ ಬಿಚ್ಚಿ ಜೋಡಿಸೋದನ್ನ ಹೇಳಿಕೊಡಿ. ರೈಲ್ವೆಯವರನ್ನ ನಾನು ಮೊದಲು ಕೇಳೋದು ಇದನ್ನೇ.