ನಿಮ್ಮ ಹಾಡಿನ ಷಡ್ಜ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಕವಿತೆಗಳಿಗೆ ಧಾಟಿ ಕಟ್ಟುವ ಆಸೆಯಿರುವವರೇ ಇಲ್ಲಿ ಹೆಚ್ಚು ಸೇರಿದ್ದೀರಿ. ಆದ್ದರಿಂದ ನೇರವಾಗಿ ನನಗೆ ಪೆಟ್ಟು ಬಿದ್ದ ಜಾಗಕ್ಕೇ ಬರುತ್ತೇನೆ.

ನಾನು ಮೊದಲ ಬಾರಿ ಒಂದು ಭಾವಗೀತೆಗೆ ಸ್ವರ ಸಂಯೋಜಿಸಿ ವಾದ್ಯದವರ ಮುಂದೆ ಕುಳಿತಾಗ, ಹಾರ್ಮೋನಿಯಂ ನುಡಿಸುವ ಹಿರಿಯರು "ಶ್ರುತಿ ಯಾವುದು?" ಎಂದು ಕೇಳಿದರು. ಪಲ್ಲವಿಯ ಮೊದಲ ಅಕ್ಷರ ಹಾರ್ಮೋನಿಯಂನ ಯಾವ ಮನೆಯ ಮೇಲೆ ಬೀಳುತ್ತದೆಂಬುದು ನನಗೆ ಗೊತ್ತಿತ್ತು. "ಐದು" ಎಂದೆ, ಅಂದರೆ ಸಿ ಎಂಬ ಬಿಳಿ ಮನೆಯಿಂದ ಎಣಿಸಿದರೆ ಐದನೆಯ ಬಿಳಿ ಮನೆ. ಅವರು ತಂಬೂರಿಯನ್ನು ಐದಕ್ಕೆ ಸೇರಿಸಿದರು. ಹಾಡಿದೆ. ಒಂದು ಸ್ವರವೂ ಜಾರಲಿಲ್ಲ. ಆದರೆ ಪಲ್ಲವಿ ಮುಗಿಯುವಲ್ಲಿ ಹಾಡು ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತುಬಿಟ್ಟಿತು. ನಾನು ಮೋಹನ ರಾಗವೆಂದು ಕಟ್ಟಿದ್ದು ಕೇಳುವವರಿಗೆ ಶುದ್ಧ ಸಾವೇರಿಯ ಹಾಗೆ ಕೇಳಿಸುತ್ತಿತ್ತು. ನಿಜಕ್ಕೂ ನನ್ನ ಹಾಡಿನ ಷಡ್ಜ, ಅಂದರೆ ಹಾಡಿಗೆ ಆಧಾರವಾದ "ಸ", ಒಂದರಲ್ಲಿತ್ತು; ಎತ್ತುಗಡೆ, ಅಂದರೆ ಹಾಡಿನ ಆರಂಭ, ಮಾತ್ರ ಪಂಚಮದಲ್ಲಿ, "ಪ"ದಲ್ಲಿ, ಇತ್ತು. ಎತ್ತುಗಡೆಯ ಸ್ವರವನ್ನೇ ನಾನು ಶ್ರುತಿಯೆಂದು ತಿಳಿದಿದ್ದೆ.

ಈ ತಪ್ಪನ್ನು ನಾನು ಇಂದಿಗೂ ಹೊಸಬರಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. ಹಾಡು ಹೊರಡುವ ಸ್ವರ ಬೇರೆ, ತಂಗುವ ಸ್ವರ ಬೇರೆ. ನಮ್ಮ ಹಳೆಯ ಶಾಸ್ತ್ರಕಾರರು ಇದನ್ನು ಬಹಳ ಹಿಂದೆಯೇ ಬೇರ್ಪಡಿಸಿ ಹೇಳಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ಜಾತಿಗಳ, ಅಂದರೆ ರಾಗಗಳಿಗೂ ಹಿಂದಿನ ಸ್ವರಮಾದರಿಗಳ, ಹತ್ತು ಲಕ್ಷಣಗಳಿವೆ. ಅವುಗಳಲ್ಲಿ ಗ್ರಹವೆಂದರೆ ಆರಂಭದ ಸ್ವರ, ನ್ಯಾಸವೆಂದರೆ ಮುಕ್ತಾಯದ ಸ್ವರ. ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟವರ ಕಿವಿ ಎಷ್ಟು ಸೂಕ್ಷ್ಮವಾಗಿದ್ದಿರಬೇಕು!

ಮಾತಿಗಿಂತ ಹಾರ್ಮೋನಿಯಂ ಚೆನ್ನಾಗಿ ಹೇಳುತ್ತದೆ, ನೋಡಿ. ಬಿಳಿ ಮನೆಗಳನ್ನು ಮುಟ್ಟುವುದಿಲ್ಲ. ಐದು ಕಪ್ಪು ಮನೆಗಳಷ್ಟೇ ಸಾಕು, ಎರಡು ಕಪ್ಪುಗಳ ಗುಂಪಿನಿಂದ ಎಣಿಸಿಕೊಳ್ಳಿ. ಮೂರನೆಯ ಕಪ್ಪನ್ನು ಷಡ್ಜವಾಗಿ ಹಿಡಿದು ಮೇಲೇರಿದರೆ ಮೋಹನ. ಅದೇ ಐದು ಮನೆಗಳು, ನಾಲ್ಕನೆಯ ಕಪ್ಪು ಷಡ್ಜವಾದರೆ ಮಧ್ಯಮಾವತಿ. ಐದನೆಯದರಿಂದ ಹಿಂದೋಳ. ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಒಂದು ಮನೆಯನ್ನೂ ಸೇರಿಸಲಿಲ್ಲ, ಬಿಡಲಿಲ್ಲ, ಐದು ರಾಗಗಳು ಬಂದವು. ಇದನ್ನೇ ಗ್ರಹಭೇದ ಎನ್ನುತ್ತೇವೆ. ಆದ್ದರಿಂದ "ನನ್ನ ಹಾಡಿನಲ್ಲಿ ಈ ಐದು ಸ್ವರಗಳಿವೆ, ಇದು ಯಾವ ಶ್ರುತಿ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ತಂಬೂರಿ ಎಲ್ಲಿ ಮೀಟುತ್ತಿದೆ ಎಂಬುದು ಗೊತ್ತಾಗಬೇಕು.

ಗಿಟಾರ್ ಹಿಡಿದು ಹಾಡು ಕಟ್ಟುವ ಗೆಳೆಯರಿಗೂ ಇದೇ ಗೊಂದಲ. ಸಿ ಮೇಜರ್ ಮತ್ತು ಎ ಮೈನರ್ ಎರಡಕ್ಕೂ ಅವೇ ಏಳು ಬಿಳಿ ಮನೆಗಳು. ನಮ್ಮ ಕಡೆಯಿಂದ ಹೇಳುವುದಾದರೆ ಒಂದು ಶಂಕರಾಭರಣ, ಇನ್ನೊಂದು ನಟಭೈರವಿ. ಬಳಸಿದ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಪಟ್ಟಿ ಮಾಡಿದ ಮಾತ್ರಕ್ಕೆ ಯಾವುದೆಂದು ತೀರ್ಮಾನವಾಗದು. ಹಾಡು ಯಾವ ಕಾರ್ಡಿಗೆ ಬಂದು ನಿರಾಳವಾಗುತ್ತದೆ ಎಂಬುದನ್ನು ಕೇಳಿಸಿಕೊಳ್ಳಬೇಕು.

ಹಾಗಾದರೆ ಕಂಡುಹಿಡಿಯುವುದು ಹೇಗೆ? ನಾನು ಮಾಡುವುದು ಇಷ್ಟು. ಪಲ್ಲವಿಯ ಕೊನೆಯ ಸಾಲನ್ನು ವಾದ್ಯ ಮುಟ್ಟದೆ ಹಾಡುತ್ತೇನೆ, ನಿಲ್ಲಿಸುತ್ತೇನೆ. ಇನ್ನು ಮುಂದೆ ಎಲ್ಲಿಗೂ ಹೋಗಬೇಕಾಗಿಲ್ಲ ಎನಿಸುವ ಸ್ವರವನ್ನು ಬಾಯಿ ಮುಚ್ಚಿ ಗುನುಗುತ್ತೇನೆ. ಕೆಲವು ಪಲ್ಲವಿಗಳು ಮರಳಿ ಎತ್ತುಗಡೆಗೆ ಹೋಗುವ ಅನುಕೂಲಕ್ಕಾಗಿ ಪಂಚಮದಲ್ಲೋ ಗಾಂಧಾರದಲ್ಲೋ ನಿಲ್ಲುವುದುಂಟು, ಅಲ್ಲಿ ಮೋಸಹೋಗಬಾರದು. ಆ ಗುನುಗನ್ನು ಬಿಡದೆ ಹಾರ್ಮೋನಿಯಂನಲ್ಲಿ ಮನೆ ಹುಡುಕುತ್ತೇನೆ. ಆಮೇಲೆ ತಂಬೂರಿಯನ್ನು ಅದಕ್ಕೆ ಸೇರಿಸಿ ಇಡೀ ಹಾಡನ್ನು ಹಾಡುತ್ತೇನೆ. ತಪ್ಪಾದ ಷಡ್ಜವಾದರೆ ಸಾಲಿನ ಕೊನೆಗಳೆಲ್ಲ ನೇತಾಡುತ್ತವೆ, ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಷಡ್ಜ ಸಿಕ್ಕ ಮೇಲೆ ಗಾಂಧಾರ ನೋಡಿ. ಷಡ್ಜವನ್ನು ಬಿಟ್ಟು ಕಪ್ಪು, ಬಿಳಿ ಎರಡನ್ನೂ ಎಣಿಸಿದರೆ ಮೂರನೆಯ ಮನೆ ಸಾಧಾರಣ ಗಾಂಧಾರ, ನಾಲ್ಕನೆಯದು ಅಂತರ ಗಾಂಧಾರ. ಮೈನರ್ ಮತ್ತು ಮೇಜರ್‌ಗಳ ಭೇದ ಇರುವುದು ಮುಖ್ಯವಾಗಿ ಅಲ್ಲಿಯೇ.

ಹೆಸರುಗಳ ವಿಷಯದಲ್ಲಿ ಗಾಬರಿ ಬೇಡ. ಯಕ್ಷಗಾನದ ಭಾಗವತರು "ಕಪ್ಪು ಎರಡು" ಎನ್ನುವುದನ್ನು ಕರ್ನಾಟಕ ಸಂಗೀತದವರು "ಎರಡೂವರೆ" (ಎರಡನೆಯ, ಮೂರನೆಯ ಬಿಳಿ ಮನೆಗಳ ನಡುವಿನದು) ಎನ್ನುತ್ತಾರೆ, ಗಿಟಾರಿನವರು "ಡಿ ಶಾರ್ಪ್" ಎನ್ನುತ್ತಾರೆ. ಮನೆ ಒಂದೇ.

ಇನ್ನೊಂದು ಮಾತು. ಹಾಡಿನ ಷಡ್ಜ ಸಿಕ್ಕಿತೆಂದ ಮಾತ್ರಕ್ಕೆ ಅದೇ ಶ್ರುತಿಯಲ್ಲಿ ಹಾಡಬೇಕೆಂದಿಲ್ಲ. ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡರ ಆಸುಪಾಸಿನಲ್ಲಿ, ಹೆಂಗಸರು ಐದು, ಐದೂವರೆಯ ಆಸುಪಾಸಿನಲ್ಲಿ ಹಾಡುತ್ತಾರೆ. ಚರಣದ ಅತಿ ಎತ್ತರದ ಸ್ವರ ಕಂಠಕ್ಕೆ ಎಟುಕುವಂತೆ ಇಡೀ ಧಾಟಿಯನ್ನು ಸರಿಸಿಕೊಳ್ಳಿ. ಮೇಲೆ ಹೆಚ್ಚು ಹೋಗದ, ಕೆಳಗೇ ಓಡಾಡುವ ಧಾಟಿಗಳಿಗೆ ಮಧ್ಯಮ ಶ್ರುತಿಯಿದೆ. ಪುನ್ನಾಗವರಾಳಿ, ನಾದನಾಮಕ್ರಿಯೆಯಂಥ ರಾಗಗಳನ್ನು ಮಧ್ಯಮವನ್ನೇ ಷಡ್ಜವಾಗಿಟ್ಟುಕೊಂಡು ಹಾಡುವುದು ರೂಢಿ. ನಮ್ಮ ಎಷ್ಟೋ ಜನಪದ ಧಾಟಿಗಳಿಗೂ ಇದು ಹೊಂದುತ್ತದೆ ಎಂಬುದು ನನ್ನ ಅನುಭವ.

ಮೊಬೈಲಿನಲ್ಲಿ ಗುನುಗಿ ಮುದ್ರಿಸಿಕೊಳ್ಳುವಾಗ ದಯವಿಟ್ಟು ಹಿಂದೆ ತಂಬೂರಿ ಇರಲಿ. ಇಲ್ಲದಿದ್ದರೆ ಎರಡನೆಯ ಚರಣದ ಹೊತ್ತಿಗೆ ಶ್ರುತಿ ಅರ್ಧ ಮನೆ ಇಳಿದಿರುತ್ತದೆ, ನಮಗೆ ಗೊತ್ತೂ ಆಗಿರುವುದಿಲ್ಲ. ನಾನು ಈಗ ಕವಿತೆಯ ಹಾಳೆಯ ಮೇಲ್ಗಡೆ ಷಡ್ಜ, ಎತ್ತುಗಡೆ, ಅತಿ ಎತ್ತರದ ಸ್ವರ ಮೂರನ್ನೂ ಬರೆದಿಡುತ್ತೇನೆ. ಆ ಮೊದಲ ಹಾಡಿನ ಹಾಳೆಯಲ್ಲಿ "ಐದು" ಎಂಬುದನ್ನು ಹೊಡೆದುಹಾಕಿ ಹೀಗೆ ಬರೆದಿದ್ದೇನೆ: "ಒಂದು. ಪಂಚಮದಿಂದ ಎತ್ತುಗಡೆ. ಮೇಲೆ ತಾರಸ್ಥಾಯಿಯ ಗಾಂಧಾರದವರೆಗೆ." ಈಗ ನಿಮ್ಮ ಹಾಡುಗಳನ್ನು ಕೇಳೋಣ. ಯಾರಾದರೂ ಒಬ್ಬರು ಮುಂದೆ ಬಂದು ಪಲ್ಲವಿಯ ಕೊನೆಯ ಸಾಲನ್ನು ಮಾತ್ರ ಹಾಡಿ.