ರಿವೆಟ್ ಹಿಂದಿನ ಆ ಕಪ್ಪು ಗೆರೆ ಏನು?

[ದೃಶ್ಯ: ವಿಮಾನದ ರೆಕ್ಕೆ, ರಿವೆಟ್ ತಲೆಯ ಹಿಂದೆ ಮಸಿ ಎಳೆದಂತಹ ಗೆರೆ]

ಈ ಚಿತ್ರ ಕಳುಹಿಸಿದ ವೀಕ್ಷಕರು ಕೇಳಿದ್ದಾರೆ: ಈ ರಿವೆಟ್ ಸುಟ್ಟಿದೆಯೇ?

ಸುಟ್ಟಿಲ್ಲ. ಆದರೂ ವಿಮಾನ ಮೆಕ್ಯಾನಿಕ್‌ಗಳು ಇದನ್ನು 'ಸ್ಮೋಕಿಂಗ್ ರಿವೆಟ್', ಅಂದರೆ ಹೊಗೆಯಾಡುವ ರಿವೆಟ್, ಎನ್ನುತ್ತಾರೆ. ರಿವೆಟ್ ಎಂದರೆ ತಗಡುಗಳನ್ನು ಬಿಗಿಹಿಡಿಯುವ ಅಲ್ಯೂಮಿನಿಯಂ ಮೊಳೆ. ಸದ್ಯಕ್ಕೆ ಅಷ್ಟು ಸಾಕು.

ಅದು ಸಡಿಲವಾದರೆ ಕಂಪನಕ್ಕೆ ರಂಧ್ರದೊಳಗೆ ಕೂದಲೆಳೆಯಷ್ಟು ಅಲುಗಾಡುತ್ತದೆ. ಲೋಹಕ್ಕೆ ಲೋಹ ಉಜ್ಜಿ ಪುಡಿ ಉದುರುತ್ತದೆ. ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂನ ಪುಡಿ ಮಾತ್ರ ಗಾಳಿಯ ಆಮ್ಲಜನಕ ತಾಗಿ ಕಪ್ಪಾಗುತ್ತದೆ! ಹಾರಾಟದ ಗಾಳಿ ಅದನ್ನು ಹಿಂದಕ್ಕೆ ಎಳೆದು ಗೆರೆ ಬರೆಯುತ್ತದೆ. ರಿವೆಟ್ ತನ್ನ ಕಾಯಿಲೆಯನ್ನು ತಾನೇ ಬರೆದು ತೋರಿಸುತ್ತದೆ, ನನಗೆ ಇದಕ್ಕಿಂತ ಇಷ್ಟವಾದ ಸಂಗತಿ ಈ ವಿಷಯದಲ್ಲಿ ಇನ್ನೊಂದಿಲ್ಲ. ಎಣ್ಣೆಯ ಕೊಳೆಯೂ ಹೀಗೇ ಕಾಣಬಹುದು. ಅದಕ್ಕೇ ಒರೆಸಿ, ಹಾರಾಟದ ನಂತರ ಮತ್ತೆ ನೋಡುತ್ತಾರೆ. ಪಕ್ಕದ ತಗಡನ್ನು ಬೆರಳಿನಿಂದ ಒತ್ತಿ, ತಲೆ ಅಲುಗುತ್ತದೆಯೇ ಎಂದೂ ಪರೀಕ್ಷಿಸುತ್ತಾರೆ.

ಗುದ್ದಲಿಯ ಕಾವು ಒಮ್ಮೆ ಸಡಿಲವಾದರೆ ಪ್ರತಿ ಏಟಿಗೂ ಇನ್ನಷ್ಟು ಸಡಿಲವಾಗುತ್ತದಲ್ಲವೇ? ಇಲ್ಲಿಯೂ ರಂಧ್ರ ಹಿಗ್ಗುತ್ತಾ ಹೋಗಿ, ಪಕ್ಕದ ರಿವೆಟ್‌ಗಳ ಮೇಲೆ ಹೊರೆ ಬೀಳುತ್ತದೆ.

[ದೃಶ್ಯ: ಡ್ರಿಲ್ ತುದಿ, ಹತ್ತಿರದಿಂದ]

ಕೆಟ್ಟ ರಿವೆಟ್ ಗುರುತಿಸುವುದಕ್ಕಿಂತ, ರಂಧ್ರ ಕೆಡಿಸದೆ ಅದನ್ನು ತೆಗೆಯುವುದೇ ನಿಜವಾದ ಕೈಚಳಕ. ತಲೆಯ ನಡುಮಧ್ಯೆ ಪಂಚ್‌ನಿಂದ ಗುರುತು ಹಾಕಿ, ತಲೆಯ ದಪ್ಪದಷ್ಟೇ ಆಳಕ್ಕೆ ಡ್ರಿಲ್ ಇಳಿಸಬೇಕು. ತಗಡನ್ನು ಮುಟ್ಟುವಂತಿಲ್ಲ. ಆಮೇಲೆ ತಲೆಯನ್ನು ಮುರಿದು, ಹಿಂಬದಿಗೆ ಆಧಾರ ಕೊಟ್ಟು, ಉಳಿದ ಕಡ್ಡಿಯನ್ನು ತಟ್ಟಿ ಹೊರತೆಗೆಯುತ್ತಾರೆ. 2117 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ರಿವೆಟ್‌ಗಳ ತಲೆಯ ಮೇಲೆ, ಗುರುತಿಗೆಂದು ಒಂದು ಸಣ್ಣ ಕುಳಿಯೇ ಇರುತ್ತದೆ. ಡ್ರಿಲ್ ಜಾರದಿರಲು ಅದೂ ನೆರವಾಗುತ್ತದೆ. ರಂಧ್ರ ಹಿಗ್ಗಿದ್ದರೆ ಮೊದಲಿನದಕ್ಕಿಂತ ಇಂಚಿನ 1/32 ಭಾಗ ಹೆಚ್ಚು ದಪ್ಪದ ರಿವೆಟ್ ಹಾಕಬಹುದು, ಆದರೆ ತಗಡಿನ ಅಂಚು ತೀರಾ ಹತ್ತಿರವಿರಬಾರದು.

ಸಮಯ ಕಡಿಮೆಯಿದೆ, ಆದರೆ ಇದನ್ನು ಹೇಳದೆ ಬಿಡಲಾರೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737, 24,000 ಅಡಿ ಎತ್ತರದಲ್ಲಿದ್ದಾಗ ಅದರ ಚಾವಣಿಯ ಸುಮಾರು 18 ಅಡಿ ಭಾಗ ಕಿತ್ತುಹೋಯಿತು. ಒಬ್ಬ ಗಗನಸಖಿ ಮೃತಪಟ್ಟರು. ರಿವೆಟ್ ರಂಧ್ರಗಳ ಅಂಚಿನಲ್ಲಿ ಹುಟ್ಟಿದ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಇಂತಹ ಬಿರುಕನ್ನು ಮೊದಲೇ ಹಿಡಿಯಲು ಎಡ್ಡಿ ಕರೆಂಟ್ ಪರೀಕ್ಷೆ, ಅಂದರೆ ಲೋಹದಲ್ಲಿ ವಿದ್ಯುತ್ ಸುಳಿ ಎಬ್ಬಿಸಿ ಬಿರುಕು ಪತ್ತೆಹಚ್ಚುವ ಪರೀಕ್ಷೆ, ಬೇಕು. ಆದರೆ ಆ ದಿನ ವಿಮಾನ ಹತ್ತುವಾಗಲೇ ಪ್ರಯಾಣಿಕರೊಬ್ಬರು ರಿವೆಟ್ ಸಾಲಿನಲ್ಲಿ ಬಿರುಕು ಕಂಡಿದ್ದರು. ಅವರು ಯಾರಿಗೂ ಹೇಳಲಿಲ್ಲ.

ನಿಮಗೆ ಅಂಥದ್ದೇನಾದರೂ ಕಂಡರೆ ಸಂಕೋಚ ಬೇಡ, ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಹೇಳಿಯೇ ಒಳಗೆ ಹೋಗಿ.