ಹಲ್ಲಿನ ಚಿಕಿತ್ಸೆಗೆ ಹಣ ಹೊಂದಿಸುವ ಮೊದಲು

ಶ್ರೋತೃಗಳಿಗೆ ನಮಸ್ಕಾರ.

ಮುಂಬಯಿಯಲ್ಲಿ ದುಡಿಯುವ ನಮ್ಮವರು ಹಲ್ಲುನೋವನ್ನು ಲವಂಗ ಕಚ್ಚಿ, ಮಾತ್ರೆ ನುಂಗಿ ಮುಂದೂಡುತ್ತಾರೆ. ಖರ್ಚಿನ ಭಯವೇ ಅದಕ್ಕೆ ಕಾರಣ. ನಿದ್ದೆಗೆಟ್ಟು ಕೊನೆಗೊಮ್ಮೆ ದಂತವೈದ್ಯರ ಕುರ್ಚಿಯಲ್ಲಿ ಕುಳಿತಾಗ ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವ ಚಿಕಿತ್ಸೆ, ಹಲ್ಲಿನ ಮೇಲೊಂದು ಕ್ಯಾಪ್, ಒಟ್ಟು ಇಷ್ಟು ಸಾವಿರ ಎಂಬ ಲೆಕ್ಕ ಬರುತ್ತದೆ. ಕೆನ್ನೆ ಹಿಡಿದು ಕುಳಿತವರಿಗೆ ಪ್ರಶ್ನೆ ಕೇಳುವ ತ್ರಾಣ ಎಲ್ಲಿರುತ್ತದೆ? ಕಂತಿನಲ್ಲಿ ಕೊಡಿ, ಬಡ್ಡಿಯಿಲ್ಲ ಎನ್ನುತ್ತಾರೆ. ಆಧಾರ್, ಪ್ಯಾನ್ ಕೇಳುತ್ತಾರೆ. ಮೊಬೈಲಿಗೆ ಬಂದ ಒಟಿಪಿ ಹೇಳಿದೊಡನೆ ಆ ಕಂತು ನಿಮ್ಮ ಹೆಸರಿನ ಸಾಲವಾಗುತ್ತದೆ, ನೀವು ಸಾಲಗಾರರು. ದಯವಿಟ್ಟು ಆ ಕುರ್ಚಿಯಲ್ಲಿ ಕುಳಿತು ಒಟಿಪಿ ಹೇಳಬೇಡಿ.

ಮೊದಲು ನೋವು ಇಳಿಸಿಕೊಡಿ ಎಂದು ಕೇಳಿ. ಹೆಚ್ಚಿನ ಸಂದರ್ಭಗಳಲ್ಲಿ ಹಲ್ಲನ್ನು ತೆರೆದು, ಒಳಗಿನ ಕೀವು ಅಥವಾ ಕೆಟ್ಟ ನರ ತೆಗೆದು, ತಾತ್ಕಾಲಿಕವಾಗಿ ಸಿಮೆಂಟ್ ಹಾಕಿದರೆ ನೋವು ತಗ್ಗುತ್ತದೆ. ವಿಚಾರಿಸಿ ನೋಡಲು ಕೆಲವು ದಿನಗಳ ಬಿಡುವು ಸಿಗುತ್ತದೆ. ಆ ಸಿಮೆಂಟ್ ತಿಂಗಳುಗಟ್ಟಲೆ ನಿಲ್ಲುವಂಥದ್ದಲ್ಲ ಎಂಬುದು ನೆನಪಿರಲಿ. ಮುಖ ಊದಿ ಜ್ವರ ಬಂದರೆ, ನುಂಗಲು ಕಷ್ಟವಾದರೆ, ಹಣದ ಮಾತು ಆಮೇಲೆ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಬಿಡುವು ಸಿಕ್ಕಾಗ ಮುಂಬಯಿ ಸೆಂಟ್ರಲ್ ಬಳಿಯ ನಾಯರ್ ದಂತ ಆಸ್ಪತ್ರೆಗೆ ಹೋಗಿ. ಅದು ಮಹಾನಗರ ಪಾಲಿಕೆಯದು. ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಗೋವೆಯಲ್ಲಿರುವವರಿಗೆ ಬಾಂಬೋಳಿಯ ದಂತ ಕಾಲೇಜು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್, ಅಂದರೆ ರೋಗಿಯ ನೋಂದಣಿ ಚೀಟಿ, ಮಾಡಿಸಿ ಸರದಿಯಲ್ಲಿ ಕೂರಬೇಕು. ವಿದ್ಯಾರ್ಥಿಗಳು ಕೈಯಿಟ್ಟರೆ ಹಲ್ಲು ಹಾಳಾದೀತು ಎಂದು ನಮ್ಮವರು ಹಿಂಜರಿಯುತ್ತಾರೆ. ಆದರೆ ಅಲ್ಲಿ ವಿದ್ಯಾರ್ಥಿಯ ಕೆಲಸವನ್ನು ಅಧ್ಯಾಪಕರು ಪರೀಕ್ಷಿಸುತ್ತಾರೆ, ತಪ್ಪಿದ್ದರೆ ಮತ್ತೆ ಮಾಡಿಸುತ್ತಾರೆ. ಅದಕ್ಕೇ ಸಮಯ ಹೆಚ್ಚು ಹಿಡಿಯುತ್ತದೆ. ಖಾಸಗಿಯಲ್ಲಿ ಒಂದೆರಡು ಭೇಟಿಯಲ್ಲಿ ಮುಗಿಯುವುದು ಇಲ್ಲಿ ಮೂರು ನಾಲ್ಕು ಭೇಟಿಯಾಗಬಹುದು. ನೆರೂಳ್, ಖಾರ್‌ಘರ್‌ಗಳ ಖಾಸಗಿ ದಂತ ಕಾಲೇಜುಗಳಲ್ಲೂ ದರ ವಿಚಾರಿಸಬಹುದು.

ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ಶೇಕಡಾ 0.75 ಮುರಿಯುತ್ತಿದ್ದರೆ ನೀವಾಗಲೇ ಹಣ ಕೊಟ್ಟಿದ್ದೀರಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಆ ಸೌಲಭ್ಯವಿದೆ, ಅದರಲ್ಲಿ ಹಲ್ಲಿನ ಚಿಕಿತ್ಸೆಯೂ ಸೇರಿದೆ. ಇಎಸ್‌ಐ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಸಾಲ ಮಾಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಸಾಮಾನ್ಯ ಮೆಡಿಕ್ಲೇಮ್ ಆರೋಗ್ಯ ವಿಮೆಯಿಂದ ಹೆಚ್ಚು ನಿರೀಕ್ಷಿಸಬೇಡಿ. ಅಪಘಾತದಲ್ಲಿ ಹಲ್ಲಿಗೆ ಪೆಟ್ಟಾದರೆ ಹೊರತು ಅದು ಸಾಮಾನ್ಯವಾಗಿ ಹಲ್ಲಿನ ಖರ್ಚು ಕೊಡುವುದಿಲ್ಲ.

ಖಾಸಗಿಯಲ್ಲೇ ಮಾಡಿಸುವುದಾದರೆ ರೂಟ್ ಕೆನಾಲ್‌ಗೆಷ್ಟು, ಕ್ಯಾಪ್‌ಗೆಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮುಗುಳ್ನಕ್ಕರೂ ಕಾಣದ ಹಿಂಬದಿಯ ದವಡೆ ಹಲ್ಲಿಗೆ ಹಲ್ಲಿನ ಬಣ್ಣದ ದುಬಾರಿ ಜಿರ್ಕೋನಿಯಾ ಕ್ಯಾಪ್ ಬೇಕೇ, ಲೋಹದ ಕ್ಯಾಪ್ ಸಾಕೇ ಎಂದು ಕೇಳಿ. ಹಣ ಉಳಿಸಲೆಂದು ಕ್ಯಾಪನ್ನೇ ಬಿಡಬೇಡಿ. ಕ್ಯಾಪ್ ಇಲ್ಲದೆ ಜಗಿಯುವ ಹಲ್ಲು ಸೀಳಿದರೆ ರೂಟ್ ಕೆನಾಲ್‌ಗೆ ಕೊಟ್ಟದ್ದೂ ನೀರುಪಾಲು.

ಇನ್ನು ಬಡ್ಡಿಯಿಲ್ಲದ ಕಂತು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಿಲ್ಲು 30,000 ಎಂದಿಟ್ಟುಕೊಳ್ಳಿ. ನಗದು ಕೊಟ್ಟರೆ 27,000ಕ್ಕೆ ಒಪ್ಪುತ್ತಾರಾದರೆ ಆ 3,000ವೇ ಬಡ್ಡಿ. ಪ್ರೊಸೆಸಿಂಗ್ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಬೇರೆ. ಹಾಗಾಗಿ ನಗದಿನ ದರವನ್ನೇ ಮೊದಲು ಕೇಳಿ. ಸಾಲ ಬೇಕೇಬೇಕಾದರೆ, ನೀವು ಸದಸ್ಯರಾಗಿರುವ ಪತ್‌ಪೇಢಿಯ (ಸಹಕಾರಿ ಪತ್ತಿನ ಸಂಘದ) ಬಡ್ಡಿಯೊಡನೆ ಹೋಲಿಸಿ ನೋಡಿ.

ಹೋಟೆಲಿನ ಹುಡುಗರು ಧಣಿಗಳ ಹತ್ತಿರ ಮುಂಗಡ ಕೇಳುವುದೂ ಉಂಟು. ಹೋಟೆಲ್ ನಡೆಸುವ ಬಂಧುಗಳಲ್ಲಿ ನನ್ನದೊಂದು ವಿನಂತಿ: ಮುಂಗಡ ಕೊಡುವುದರ ಜೊತೆಗೆ ನಾಲ್ಕು ಬೆಳಗಿನ ರಜೆಯನ್ನೂ ಕೊಡಿ. ಬೆಳಗಿನ ಇಡ್ಲಿಯ ಗಿರಾಕಿಗಳು ಬರುವ ಹೊತ್ತೇ ದಂತ ಆಸ್ಪತ್ರೆಯ ಸರದಿಯ ಹೊತ್ತು. ಆ ಹೊತ್ತು ಬಿಟ್ಟುಕೊಟ್ಟರೆ ಆ ಹುಡುಗನಿಗೆ ಬಹುಶಃ ಮುಂಗಡವೇ ಬೇಕಾಗುವುದಿಲ್ಲ.